ನಾಲ್ಕನೇ ಕ್ಲಾಸು ಕಡ್ಲೆಕಾಯಿ ಹೊಲಕ್ಕೆ ಹೋದದ್ದು

ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಅವಳು ಎರಡನೇ ಕ್ಲಾಸು. ಅದಕ್ಕೂ ಮುಂಚೆ ಕೆಲವು ವಾರಗಳಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಸ್ಕೂಲಿನ ಲಂಗ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಮಾರ್ಚ್ ತಿಂಗಳು, ಮಧುಗಿರಿಯ ಬಂಡೆ ಹಗಲೆಲ್ಲ ಕಾದು ಕತ್ತಲಾದ ಮೇಲೂ ಬಿಸಿ ಉಗುಳಲು ಶುರುಮಾಡುವ ಕಾಲ. ಇಂಥ ಸೆಕೆಯಲ್ಲಿ ಮಗು ನೀರು ಕುಡಿಯದೆ ಇನ್ನೇನು ಮಾಡೀತು ಎಂದುಕೊಂಡೆವು. ಒಂದು ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಡಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬಂದ ದಿನ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಇದು ದೊಡ್ಡವರಿಗೆ ಬರುವಂಥ ಶುಗರ್ ಅಲ್ಲ, ಸಿಹಿ ತಿಂದು ಬಂದದ್ದೂ ಅಲ್ಲ. ಅವಳ ಮೈ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿದೆ, ಇನ್ನು ಮೇಲೆ ನಾವೇ ಹೊರಗಿನಿಂದ ಕೊಡಬೇಕು, ದಿನಕ್ಕೆ ನಾಲ್ಕು ಸಲ. ಎಷ್ಟು ದಿನ ಕೊಡಬೇಕಾಗುತ್ತೆ ಸಾರ್ ಎಂದು ನನ್ನ ಗಂಡ ಕೇಳಿದರು. ಡಾಕ್ಟರು ಉತ್ತರ ಹೇಳುವ ಮೊದಲೇ ನನಗೆ ತಿಳಿಯಿತು.

ನಮ್ಮದು ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು, ಏನೇ ಇದ್ದರೂ ಊರಿನವರೆಲ್ಲ ನಮ್ಮ ಮೆಷಿನ್ನಿನ ಮುಂದೆ ಬಂದು ನಿಲ್ಲಲೇಬೇಕು. ಹಾಗಾಗಿ ನಮಗೆ ಗೊತ್ತಿಲ್ಲದ ಜನ ಇರಲಿಲ್ಲ. ಅದೇ ನನ್ನ ಅತ್ತೆಗೆ ಭಯ. ಆಸ್ಪತ್ರೆಯಿಂದ ಬಂದ ದಿನವೇ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು, "ಹೆಣ್ಣ್ ಮಗ ಕಣಮ್ಮ. ನಾಳೆ ಕೊಡೋ ಕಾಲಕ್ಕೆ ಇದೇ ದೊಡ್ಡದಾಗ್ತದೆ. ಯಾರ ತಾವೂ ಬಾಯಿ ಬುಡ್ಬೇಡ."

ನಾನು ಬಾಯಿ ಬಿಡಲಿಲ್ಲ. ಸ್ಕೂಲಿನಲ್ಲಿ ಹೆಡ್ ಮಾಸ್ಟರಿಗೆ ಮಾತ್ರ ಹೇಳಿದೆವು, ಇನ್ನಾರಿಗೂ ಹೇಳಬೇಡಿ ಎಂದು ಕೈಮುಗಿದು ಕೇಳಿಕೊಂಡೆವು. ಅವರು ಒಳ್ಳೆಯವರು, ಮಾತು ಉಳಿಸಿಕೊಂಡರು. ಮಧ್ಯಾಹ್ನ ಊಟದ ಬೆಲ್ಲಿಗೆ ಮುಂಚೆ ನಾನು ಟಿಫನ್ ಕ್ಯಾರಿಯರ್ ಹಿಡಿದು ಹೋಗುತ್ತಿದ್ದೆ. ಅವರು ತಮ್ಮ ರೂಮು ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದರು. ಒಳಗೆ ಬಾಗಿಲು ಹಾಕಿಕೊಂಡು ನಾನು ಮಗಳ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಶುಗರ್ ನೋಡಿ, ಇನ್ಸುಲಿನ್ ಪೆನ್ನಿನಿಂದ ಇಂಜೆಕ್ಷನ್ ಕೊಟ್ಟು, ಅಲ್ಲೇ ಊಟ ಮಾಡಿಸಿ ಬರುತ್ತಿದ್ದೆ. ಉಳಿದ ಮಕ್ಕಳು ಬಿಸಿಯೂಟಕ್ಕೆ ಸಾಲು ನಿಂತಿರುತ್ತಿದ್ದವು. ಇವಳೊಬ್ಬಳಿಗೆ ಅಮ್ಮ ಬಂದು ತುತ್ತು ಕೊಡುತ್ತಾಳೆ ಎಂದು ಮಕ್ಕಳು ರೇಗಿಸುತ್ತಿದ್ದವಂತೆ. ಅದನ್ನು ಅವಳು ನನಗೆ ಹೇಳಿದ್ದು ಬಹಳ ದಿನ ಕಳೆದ ಮೇಲೆ.

ನಾಲ್ಕನೇ ಕ್ಲಾಸಿಗೆ ಬಂದಾಗ ಹೊಸ ಮಿಸ್ ಬಂದರು. ಇನ್ನೂ ಸಣ್ಣ ವಯಸ್ಸು. ಪಾವಗಡ ತಾಲ್ಲೂಕು, ವೈ.ಎನ್.ಹೊಸಕೋಟೆಯಿಂದ ಇನ್ನೂ ಸ್ವಲ್ಪ ಒಳಗೆ ಅವರ ಊರು. ಪಾಠ ಮಾಡುವಾಗ ಅಚ್ಚುಕಟ್ಟಾದ ಕನ್ನಡ, ಸಿಟ್ಟು ಬಂದರೆ ಮಾತ್ರ ತೆಲುಗು. ಮಕ್ಕಳು ಆ ತೆಲುಗು ಕೇಳುವ ಆಸೆಗೇ ಗಲಾಟೆ ಮಾಡುತ್ತಿದ್ದವು.

ಒಂದು ದಿನ ಬೆಳೆಗಳ ಪಾಠ ನಡೆದಿತ್ತು. ಕಡ್ಲೆಕಾಯಿ ಎಲ್ಲಿ ಬಿಡುತ್ತೆ ಎಂದು ಮಿಸ್ ಕೇಳಿದರೆ ಅರ್ಧ ಕ್ಲಾಸು ಗಿಡದ ಮೇಲೆ ಎಂದಿತಂತೆ. ಒಬ್ಬ ಹುಣಸೆಕಾಯಿ ಥರ ಮರದಲ್ಲಿ ಜೋತಾಡುತ್ತೆ ಎಂದನಂತೆ. ಅಂಗಡಿಯವರ, ಆಟೋದವರ, ಆಫೀಸಿನವರ ಮಕ್ಕಳು. ಸುತ್ತ ಹತ್ತು ಮೈಲಿ ದೂರದಲ್ಲೇ ಬೆಳೆಯುವುದನ್ನು ಪೊಟ್ಟಣದಲ್ಲಿ ಬಿಟ್ಟು ಬೇರೆಲ್ಲೂ ಕಂಡವಲ್ಲ. ಮಿಸ್ಸಿಗೆ ಇದು ಬಹಳ ಬೇಜಾರಾಗಿ, ಕಾಯಿ ಕೀಳುವ ಹೊತ್ತಿಗೆ ನಿಮ್ಮನ್ನೆಲ್ಲ ನಮ್ಮೂರಿಗೆ ಕರೆದುಕೊಂಡು ಹೋಗುತ್ತೇನೆ, ಒಂದು ರಾತ್ರಿ ನಮ್ಮ ಮನೆಯಲ್ಲೇ ಇದ್ದು ಬರೋಣ ಎಂದರು. ಹೆಡ್ ಮಾಸ್ಟರು ಮೊದಲು ಹಿಂದೆಮುಂದೆ ನೋಡಿದರೂ ಆಮೇಲೆ ಒಪ್ಪಿದರು. ಇನ್ನೊಬ್ಬ ಮಿಸ್ಸೂ ಜೊತೆಗೆ ಹೊರಡುವುದೆಂದಾಯಿತು.

ಈ ಸಂಗತಿ ನನಗೆ ಗೊತ್ತಾದದ್ದು ಹೇಗೆಂದರೆ, ಒಂದು ಸಂಜೆ ಮಗಳು ಬ್ಯಾಗು ಇಳಿಸಿ, ಕೈಕಾಲು ತೊಳೆದು ಬಂದು, ಯಾವುದೋ ಮಾಮೂಲಿ ವಿಷಯದಂತೆ ಹೇಳಿದಳು, "ನಮ್ಮ ಮಿಸ್ ಊರಿಗೆ ಎಲ್ಲ ಹೋಗ್ತಾವ್ರೆ. ನಾನ್ ಬರಲ್ಲ ಅಂತ ಹೇಳ್ಬುಟ್ಟೆ."

ಅವಳು ಅತ್ತಿದ್ದರೆ, ಹಟ ಮಾಡಿದ್ದರೆ ನಾನೂ ಗಟ್ಟಿ ಮನಸ್ಸು ಮಾಡಿ ಬೇಡ ಎನ್ನಬಹುದಿತ್ತು. ಆದರೆ ನನ್ನನ್ನು ಕೇಳದೆಯೇ, ನಾನು ಬೇಡ ಎನ್ನುವುದಕ್ಕೂ ಅವಕಾಶ ಕೊಡದೆ, ಅವಳೇ ತೀರ್ಮಾನ ಮಾಡಿ ಬಂದಿದ್ದಳು. ಒಂಬತ್ತು ವರ್ಷದ ಮಗು. ಅಷ್ಟು ಹೇಳಿ ಟಿವಿ ಹಾಕಿಕೊಂಡು ಕೂತಳು. ನಾನು ಅಂಗಡಿಗೆ ಹೋಗಿ ಯಾರದೋ ಪಹಣಿಯನ್ನು ಎರಡು ಸಲ ತಲೆಕೆಳಗಾಗಿ ಜೆರಾಕ್ಸ್ ಮಾಡಿದೆ.

ಎರಡು ಮೂರು ದಿನ ಬಿಟ್ಟು ಮಿಸ್ಸೇ ಅಂಗಡಿಗೆ ಬಂದರು. ಮಗಳು ಯಾಕೆ ಬರುವುದಿಲ್ಲ ಎನ್ನುತ್ತಿದ್ದಾಳೆ, ದುಡ್ಡಿನ ವಿಷಯವಾದರೆ ಖರ್ಚೇನೂ ಇಲ್ಲ, ಹಾಗೇನಾದರೂ ಇದ್ದರೆ ಸಂಕೋಚ ಬೇಡ ಎಂದರು. ಗಂಡ ಊಟಕ್ಕೆ ಹೋಗಿದ್ದರು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದವಳು ಯಾಕೋ ನಿಜ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಎರಡು ವರ್ಷದಲ್ಲಿ ಮನೆಯವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ನಾನು ಆ ಮಾತಾಡಿದ್ದು ಅದೇ ಮೊದಲು.

ಮಿಸ್ ಪೂರ್ತಿ ಕೇಳಿಸಿಕೊಂಡರು. ಪಾಪ ಎನ್ನಲಿಲ್ಲ. ಇಷ್ಟು ದಿನ ನೀವು ಮಗಳನ್ನು ಅತಿಯಾಗಿ ಮುದ್ದು ಮಾಡುತ್ತೀರಿ ಎಂದುಕೊಂಡಿದ್ದೆ ಎಂದು ಹೇಳಿ ಸ್ವಲ್ಪ ನಕ್ಕರು. ಆಮೇಲೆ ಕೇಳಿದರು, "ಇಂಜೆಕ್ಷನ್ ಕೊಡೋದು ನಂಗೆ ಕಲಿಸ್ತೀರಾ?"

ಬರೆದುಕೊಡುತ್ತೇನೆ ಎಂದೆ. ಬರೆದದ್ದು ಓದಿ ಇಂಥದ್ದು ಮಾಡುವುದಕ್ಕೆ ತನಗೆ ಧೈರ್ಯ ಇಲ್ಲ, ಕೈಗೆ ಅಭ್ಯಾಸ ಆಗಬೇಕು ಎಂದರು. ಅವತ್ತಿನಿಂದ ಸ್ಕೂಲು ಬಿಟ್ಟ ಮೇಲೆ ನಮ್ಮ ಮನೆಗೆ ಬರತೊಡಗಿದರು.

ಮೊದಲ ದಿನವೇ ಗೊತ್ತಾಯಿತು, ಅವರಿಗೆ ಸೂಜಿ ಕಂಡರೆ ಆಗದು. ಬೆರಳು ಚುಚ್ಚುವ ಪುಟ್ಟ ಸಾಧನವನ್ನು ತಮ್ಮ ಬೆರಳಿಗೇ ಹಚ್ಚಿ ಗುಂಡಿ ಒತ್ತಿದವರು ರಕ್ತದ ಹನಿ ಕಂಡದ್ದೇ ಬಿಳುಚಿಕೊಂಡು ಗೋಡೆಗೆ ಒರಗಿದರು. ನನ್ನ ಅತ್ತೆ, ಈ ಹುಡುಗಿ ಮನೆಗೆ ಬರುವುದೇ ಇಷ್ಟವಿಲ್ಲದವರು, ಗಾಬರಿಯಿಂದ ನೀರು ತಂದುಕೊಟ್ಟರು. ಮಾರನೆಯ ದಿನ ಮಿಸ್ ಬರಲಾರರು ಎಂದುಕೊಂಡೆ. ಬಂದರು. ಮೂಸಂಬಿ ಹಣ್ಣಿಗೆ ಚುಚ್ಚಿ ಕಲಿತರು, ಆಮೇಲೆ ಖಾಲಿ ಸೂಜಿಯನ್ನು ತಮ್ಮ ತೋಳಿಗೇ ಚುಚ್ಚಿಕೊಂಡರು. ಊಟದಲ್ಲಿ ಯಾವುದಕ್ಕೆ ಎಷ್ಟು ಇನ್ಸುಲಿನ್, ಜಾಸ್ತಿ ಓಡಾಡಿದ ದಿನ ಎಷ್ಟು ಕಡಿಮೆ ಮಾಡಬೇಕು, ಶುಗರ್ ಇಳಿದುಹೋದರೆ ಮಗು ಹೇಗಿರುತ್ತದೆ, ಒಂದೊಂದನ್ನೂ ಮತ್ತೆ ಮತ್ತೆ ಕೇಳಿದರು. ಶುಗರ್ ಏರುವುದಕ್ಕಿಂತ ಇಳಿಯುವುದೇ ಅಪಾಯ ಎಂಬುದು ಅವರಿಗೆ ಆಶ್ಚರ್ಯ. ಬೆವರುತ್ತಾಳೆ, ಕೈ ನಡುಗುತ್ತದೆ, ಕಾರಣವಿಲ್ಲದೆ ರೇಗುತ್ತಾಳೆ, ಆಗ ತಕ್ಷಣ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಬೇಕು ಎಂದು ಹೇಳಿಕೊಟ್ಟೆ.

ಕೊನೆಗೆ ನಿಜವಾದ ಇಂಜೆಕ್ಷನ್ನಿನ ದಿನ ಬಂದಾಗ ಮಗಳು ತಾನೇ ತೋಳು ಮುಂದೆ ಹಿಡಿದಳು. ಮಿಸ್ ಪೆನ್ನನ್ನು ತೋಳಿನ ಹತ್ತಿರ ತಂದು ಉಸಿರು ಬಿಗಿಹಿಡಿದರು. "ಮಿಸ್, ಉಸಿರು ಬಿಡಿ ಮೊದ್ಲು," ಎಂದಳು ಮಗಳು. ಆಸ್ಪತ್ರೆಯಲ್ಲಿ ನರ್ಸಮ್ಮ ನನಗೆ ಹೇಳಿದ ಮಾತು ಅದು. ಮಿಸ್ ಉಸಿರು ಬಿಟ್ಟು ಚುಚ್ಚಿದರು. ನೋವಾಯಿತಾ ಎಂದು ಕೇಳಿದರು. ನಮ್ಮಮ್ಮನಿಗಿಂತ ನೀವೇ ವಾಸಿ ಎಂದಳು.

ಇನ್ನೊಂದು ಮಾತು ಉಳಿದಿತ್ತು. ಅಷ್ಟು ಮಕ್ಕಳ ಮಧ್ಯೆ ಒಂದು ರಾತ್ರಿ ಇರುವಾಗ ಇದನ್ನು ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಟ್ಟರೆ ಅಪಾಯ ಕೂಡ ಎಂದು ಮಿಸ್ ನನಗೆ ಹೇಳಿದರು. ಆದರೆ ಕ್ಲಾಸಿನವರಿಗೆ ಹೇಳಲೇ ಎಂದು ಕೇಳಿದ್ದು ನನ್ನನ್ನಲ್ಲ, ಮಗಳನ್ನು. ಅವಳು, ಹೇಳಿ ಮಿಸ್ ಎಂದಳು. ಅತ್ತೆ ಎದ್ದು ಒಳಗೆ ಹೋದರು. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಗಂಡ ಎಂದಿನಂತೆ ಅಂಗಡಿಗೆ ಹೋಗಿ ಬಂದು ಮಾಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ, "ಹೋಗಿ ಬರ್ಲಿ ಬುಡು," ಎಂದರು.

ಮಿಸ್ ಕ್ಲಾಸಿನಲ್ಲಿ ಹೇಗೆ ಹೇಳಿದರೋ ನನಗೆ ಗೊತ್ತಿಲ್ಲ. ಅವತ್ತು ಸಂಜೆ ಮಗಳು ಮನೆಗೆ ಬಂದದ್ದು ಅವಳ ಬೆಂಚಿನ ಗೆಳತಿಯ ಜೊತೆ. ಆಟೋ ಓಡಿಸುವವರ ಮಗಳು, ತುಂಬ ಮಾತಿನವಳು. ಆ ಹುಡುಗಿಗೆ ಒಂದೇ ಸಮಾಧಾನ: ತನ್ನ ಬರ್ತ್‌ಡೇ ಚಾಕಲೇಟನ್ನು ಇವಳು ತಿನ್ನದೆ ಜೇಬಿಗೆ ಹಾಕಿಕೊಂಡದ್ದು ಜಂಬದಿಂದಲ್ಲ ಎಂಬುದು ತಿಳಿಯಿತಲ್ಲ. ಒಂದು ವರ್ಷದಿಂದ ಆ ಸಿಟ್ಟು ಇಟ್ಟುಕೊಂಡಿದ್ದಳಂತೆ. ನಾಲ್ಕು ದಿನ ಬಿಟ್ಟು ಇನ್ನೊಂದು ಮಗುವಿನ ತಾಯಿ ಅಂಗಡಿಗೆ ಬಂದರು. ಜೆರಾಕ್ಸ್ ಮಾಡಿಸಿಕೊಂಡು, ದುಡ್ಡು ಕೊಟ್ಟು, ಆಮೇಲೂ ನಿಂತೇ ಇದ್ದರು. ಅಂಟುತ್ತದೆಯೇ ಎಂದು ಕೇಳುತ್ತಾರೆ ಎಂದುಕೊಂಡೆ, ಕೇಳಿದರು ಕೂಡ. ಇಲ್ಲ ಎಂದೆ. ಸರಿ ಎಂದು ತಲೆಯಾಡಿಸಿ, ಬರುವ ವಾರ ನಮ್ಮ ಮನೆಯಲ್ಲಿ ಪೂಜೆ ಇದೆ, ನಿಮ್ಮ ಮಗಳು ಬಂದರೆ ಏನು ಮಾಡಿಕೊಡಲಿ ಎಂದು ಕೇಳಿದರು. ಎರಡು ವರ್ಷ ಈ ಜನರಿಂದಲೇ ಬಚ್ಚಿಟ್ಟುಕೊಂಡು ಓಡಾಡಿದ್ದೆನಲ್ಲ ಎನ್ನಿಸಿತು.

ಹೊರಡುವ ದಿನ ಸ್ಕೂಲಿನ ಮುಂದೆ ಎರಡು ಟೆಂಪೋ ಬಂದು ನಿಂತವು. ಮಗಳ ಹೆಗಲಿಗೆ ಒಂದು ಬ್ಯಾಗು, ಇನ್ಸುಲಿನ್ನಿನ ಚೀಲ ಮಿಸ್ಸಿನ ಹೆಗಲಿಗೆ. ಟೆಂಪೋ ತಿರುಗಿದ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ನಡೆದು ಪಾವಗಡದ ಬಸ್ಸು ಹತ್ತಿದೆ. ಮಗಳಿಗೆ ಹೇಳಿರಲಿಲ್ಲ, ಮಿಸ್ಸಿಗೆ ಹೇಳಿದ್ದೆ. ಪಾವಗಡದಲ್ಲಿ ನನ್ನ ಚಿಕ್ಕಮ್ಮನ ಮನೆ. ಅಲ್ಲಿದ್ದರೆ ಏನಾದರೂ ಆದರೆ ಬೇಗ ಹೋಗಿ ಸೇರಬಹುದು ಎಂಬುದು ನನ್ನ ಲೆಕ್ಕ. ಮಿಸ್ ಬೇಡ ಎನ್ನಲಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸಿಕೊಟ್ಟೆ. ಕೋಟೆ ಬೆಟ್ಟದ ನೆರಳು ಬೀದಿಗೆ ಬರುವವರೆಗೂ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದೆ. ಮಧ್ಯಾಹ್ನ ಮಿಸ್ ಫೋನ್ ಮಾಡಿ ಶುಗರ್ ಎಷ್ಟಿತ್ತು, ಎಷ್ಟು ಕೊಟ್ಟೆ, ಏನು ಉಂಡಳು ಎಂದು ಹೇಳಿದ್ದರು. ಎಲ್ಲ ಸರಿಯಾಗಿತ್ತು. ಸಂಜೆ ಮತ್ತೆ ಫೋನು ಬಂತು. ಅವರ ದನಿಯಲ್ಲಿಯೇ ತಿಳಿಯಿತು.

ಹೊಲದಲ್ಲಿ ಮಕ್ಕಳೆಲ್ಲ ಕಡ್ಲೆಕಾಯಿ ಗಿಡ ಕೀಳುವುದರಲ್ಲಿ, ಕಿತ್ತದ್ದನ್ನು ಹೊತ್ತು ತಂದು ಗುಡ್ಡೆ ಹಾಕುವುದರಲ್ಲಿ ಮೈಮರೆತಿದ್ದವಂತೆ. ಮಗಳು ಎಲ್ಲರಿಗಿಂತ ಹೆಚ್ಚು ಓಡಿದ್ದಾಳೆ. ಮಿಸ್ ಇನ್ಸುಲಿನ್ ಕಡಿಮೆ ಮಾಡಿಯೇ ಕೊಟ್ಟಿದ್ದರು, ಅದೂ ಹೆಚ್ಚಾಯಿತು. ಇದ್ದಕ್ಕಿದ್ದಂತೆ ಗುಡ್ಡೆಯ ಪಕ್ಕ ಕೂತು, ಹತ್ತಿರ ಬಂದ ಗೆಳತಿಯನ್ನು ದೂಡಿ ಬೈದಿದ್ದಾಳೆ. ಆ ಹುಡುಗಿ ಮುನಿಸಿಕೊಳ್ಳದೆ ಓಡಿಹೋಗಿ, "ಮಿಸ್, ಅವ್ಳು ಸುಮ್‌ಸುಮ್ನೆ ಬೈತಾವ್ಳೆ, ಲೋ ಆಗೈತೇನೋ ನೋಡಿ," ಎಂದಿದ್ದಾಳೆ. ನೋಡಿದರೆ ಶುಗರ್ ಐವತ್ತರ ಆಸುಪಾಸಿಗೆ ಇಳಿದಿತ್ತಂತೆ. ಗ್ಲೂಕೋಸ್ ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಬಾಳೆಹಣ್ಣು ತಿನ್ನಿಸಿ, ಈಗ ಸರಿಯಾಗಿದ್ದಾಳೆ ಎಂದರು ಮಿಸ್. ಮುಚ್ಚಿಡದೆ ನಿಮಗೆ ಹೇಳಬೇಕು ಅನ್ನಿಸಿತು ಎಂದರು.

ಸರಿ ಮಿಸ್ ಎಂದೆ. ಥ್ಯಾಂಕ್ಸ್ ಎಂದೆ. ಫೋನಿಟ್ಟು ಚಪ್ಪಲಿ ಮೆಟ್ಟಿಕೊಂಡೆ. ಚಿಕ್ಕಮ್ಮ ಹಿಂದಿನಿಂದ ಕೂಗುತ್ತಲೇ ಇದ್ದರು.

ವೈ.ಎನ್.ಹೊಸಕೋಟೆಗೆ ಬಸ್ಸು ಸಿಕ್ಕಿತು. ಅಲ್ಲಿಂದ ಆಟೋ. ದಾರಿಯ ಎರಡೂ ಕಡೆ ಕಿತ್ತ ಹೊಲಗಳು, ಕೆಂಪು ಮಣ್ಣು. ಆಟೋದವನು ತೆಲುಗಿನಲ್ಲಿ ಏನೇನೋ ಮಾತಾಡಿಸಿದ, ನಾನು ಹೂಂ ಅಂದೆ. ಹೋದ ಕೂಡಲೇ ಮಗಳನ್ನು ಕರೆದುಕೊಂಡು ಹೊರಟುಬಿಡಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಮಿಸ್ಸಿಗೆ ಏನು ಹೇಳಬೇಕು, ಅವಳು ಅತ್ತರೆ ಹೇಗೆ ಸಮಾಧಾನ ಮಾಡಬೇಕು, ಅದನ್ನೆಲ್ಲ ಜೋಡಿಸಿಕೊಳ್ಳುತ್ತಿದ್ದೆ.

ಊರು ತಲುಪುವಾಗ ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಮಿಸ್ಸಿನ ಮನೆ ಯಾವುದೆಂದು ಕೇಳಬೇಕಾಗಲಿಲ್ಲ, ಮಕ್ಕಳ ಗದ್ದಲ ಬೀದಿಯ ತುದಿಗೇ ಕೇಳುತ್ತಿತ್ತು. ಮನೆಯ ಮುಂದೆ ದೊಡ್ಡ ಅಂಗಳ. ಬೇವಿನ ಮರಕ್ಕೆ ಒಂದು ಬಲ್ಬು ಕಟ್ಟಿದ್ದರು. ಮಕ್ಕಳು ಕಡ್ಲೆಕಾಯಿ ಗಿಡಗಳ ಸುತ್ತ ಗುಂಪು ಗುಂಪಾಗಿ ಕೂತು ಕಾಯಿ ಬಿಡಿಸುತ್ತಿದ್ದವು. ನಾನು ಎದುರು ಮನೆಯ ಜಗಲಿಯ ಹತ್ತಿರವೇ ನಿಂತೆ. ಮಗಳು ಕಾಣಿಸಿದಳು. ಮೈಯೆಲ್ಲ ಮಣ್ಣು, ತಲೆಯಲ್ಲಿ ಎಲೆ ಸಿಕ್ಕಿಕೊಂಡಿತ್ತು. ಗೆಳತಿಯ ಭುಜಕ್ಕೆ ಒರಗಿ, ಯಾವುದೋ ಮಾತಿಗೆ ಬಾಯಿ ತುಂಬ ನಗುತ್ತಿದ್ದಳು. ಮನೆಯಲ್ಲಿ ಅವಳು ನಗುತ್ತಿರಲಿಲ್ಲ ಎಂದಲ್ಲ. ಆದರೆ ನಗುವಾಗಲೂ ನಾನು ಅವಳ ಮುಖ ನೋಡುತ್ತಿರುತ್ತಿದ್ದೆ, ಬೆವರಿದ್ದಾಳಾ, ಸುಸ್ತಾಗಿದ್ದಾಳಾ ಎಂದು. ನಾನು ನೋಡುತ್ತಿದ್ದೇನೆಂಬುದು ಅವಳಿಗೂ ಗೊತ್ತಿರುತ್ತಿತ್ತು. ನನ್ನ ಕಣ್ಣಿಲ್ಲದ ಕಡೆ ಅವಳು ಹೇಗೆ ನಗುತ್ತಾಳೆಂದು ನಾನು ಕಂಡದ್ದು ಅವತ್ತೇ.

ಮಿಸ್ಸಿಗೆ ನಾನು ಕಂಡೆ. ಅವರು ಕೂಗಲಿಲ್ಲ. ಬಿಂದಿಗೆ ಹಿಡಿದು ನೀರಿಗೆ ಹೊರಟವರಂತೆ ನಡೆದು ನನ್ನ ಹತ್ತಿರ ಬಂದರು. ಬಂದದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು, "ಕರ್ಕೊಂಡ್ ಹೋಗ್ತೀನಿ ಅಂದ್ರೆ ನಾನ್ ತಡೆಯಲ್ಲ. ಆದ್ರೆ ರಾತ್ರಿ ಊಟದ್ದು ತಾನೇ ಚುಚ್ಕೊತೀನಿ ಅಂತಾವ್ಳೆ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಇಂಜೆಕ್ಷನ್ನನ್ನು ಅವಳು ಯಾವತ್ತೂ ತಾನೇ ಹಾಕಿಕೊಂಡವಳಲ್ಲ. ಡಾಕ್ಟರು ಹೇಳಿದ್ದರು, ಕಲಿಸಿ ಎಂದು. ಇನ್ನೂ ಚಿಕ್ಕವಳು ಎಂದು ನಾನೇ ಮುಂದಕ್ಕೆ ಹಾಕುತ್ತಿದ್ದೆ. ಆಟೋದಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು. ಅವಳಿಗೆ ಕಾಣದಂತೆ ಹಿತ್ತಲ ಕಡೆಯಿಂದ ಬರಲೇ ಎಂದು ಕೇಳಿದೆ.

ಹಿತ್ತಲಲ್ಲಿ ಮಿಸ್ಸಿನ ತಾಯಿ ಒಲೆಯ ಮುಂದಿದ್ದರು. ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುತ್ತಿದ್ದವರು ನನ್ನನ್ನು ಕಂಡು ಕೋಲು ನಿಲ್ಲಿಸಿದರು. ಮಿಸ್ ತೆಲುಗಿನಲ್ಲಿ ಎರಡು ಮಾತು ಹೇಳಿದ್ದೇ ಅವರಿಗೆ ಎಲ್ಲ ಅರ್ಥವಾಯಿತು. ಕೈ ಸೀರೆಗೆ ಒರೆಸಿಕೊಂಡು ನನ್ನ ಮುಂಗೈ ಹಿಡಿದರು. "ಏಂ ಕಾದಮ್ಮಾ," ಎಂದರು. ಏನೂ ಆಗುವುದಿಲ್ಲ ಎಂದು. "ಬಾ ತಲ್ಲಿ, ಒಳಕ್ ಬಾ. ಇಲ್ಲಿಂದ ಎಲ್ಲಾ ಕಾಣ್ತದೆ."

ಅಡುಗೆಮನೆಗೂ ನಡುಮನೆಗೂ ಮಧ್ಯೆ ಮರದ ಸರಳಿನ ಸಣ್ಣ ಕಿಟಕಿ ಇತ್ತು. ನಡುಮನೆಯ ಬಾಗಿಲಿನ ಆಚೆ ಅಂಗಳ. ಅಡುಗೆಮನೆಯ ದೀಪವನ್ನು ಆ ತಾಯಿಯೇ ಆರಿಸಿದರು, ನಾನು ಕಾಣದಿರಲಿ ಎಂದು. ಒಲೆಯ ಬೆಳಕು ಸಾಕು ಎಂದರು. ಮಕ್ಕಳು ನಡುಮನೆಗೆ ಬಂದು ಸಾಲಾಗಿ ಕೂತವು. ಮುಂದೆ ತಟ್ಟೆ. ಮಗಳು ಮಿಸ್ಸಿನ ಪಕ್ಕ ಕೂತು, ಬೆರಳು ಚುಚ್ಚಿ ಶುಗರ್ ನೋಡಿದಳು. ಎಷ್ಟು ಎಂದು ಜೋರಾಗಿ ಓದಿದಳು. ಎಲ್ಲರೂ ಕೇಳಿಸಿಕೊಂಡರು. ಯಾರೂ ಹೆದರಲಿಲ್ಲ. ಪೆನ್ನಿಗೆ ಸೂಜಿ ಸಿಕ್ಕಿಸಿ, ಎಷ್ಟು ತಿರುಗಿಸಬೇಕೋ ಅಷ್ಟು ತಿರುಗಿಸಿ ಮಿಸ್ಸಿಗೆ ತೋರಿಸಿದಳು. ಮಿಸ್ ನೋಡಿ ಹೂಂ ಎಂದರು. ಅಂಗಿಯನ್ನು ಒಂಚೂರು ಎತ್ತಿ, ಹೊಟ್ಟೆಯ ಪಕ್ಕ ಚರ್ಮ ಹಿಡಿದುಕೊಂಡಳು. ಅಲ್ಲಿಗೆ ಬಂದು ಅವಳ ಕೈ ನಿಂತಿತು.

ನನ್ನ ಕೈ ಕಿಟಕಿಯ ಸರಳು ಹಿಡಿದಿತ್ತು. ಆ ಹೊತ್ತಿನಲ್ಲಿ ನಾನು ಹೋಗಿ ಕೈ ಹಿಡಿದಿದ್ದರೆ ಎಷ್ಟು ಸುಲಭವಿತ್ತು. ಮಿಸ್ಸೂ ಕೈ ಚಾಚಲಿಲ್ಲ. ಮಗಳು ಉಸಿರು ಬಿಟ್ಟದ್ದು ನನಗೆ ಕಂಡಿತು. ಚುಚ್ಚಿಕೊಂಡಳು.

ಗುಂಡಿ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯಬಾರದು, ಔಷಧಿ ಪೂರ್ತಿ ಒಳಗೆ ಹೋಗಬೇಕು. ಮಗಳು ಮೆಲ್ಲಗೆ ಎಣಿಸಲು ಶುರುಮಾಡಿದಳು. ಮೂರಕ್ಕೆ ಬರುವಾಗ ಗೆಳತಿಯ ದನಿ ಸೇರಿತು. ಆಮೇಲೆ ಇನ್ನೆರಡು ಮಕ್ಕಳು, ಆಮೇಲೆ ಎಲ್ಲವೂ. ಏಳು, ಎಂಟು, ಒಂಬತ್ತು ಎಂದು ಇಡೀ ನಡುಮನೆ ಎಣಿಸಿತು. ಹತ್ತು ಎಂದಾಗ ಒಬ್ಬ ಹುಡುಗ ಚಪ್ಪಾಳೆ ತಟ್ಟಿದ. ಮಿಸ್ ತೆಲುಗಿನಲ್ಲಿ ಅವನನ್ನು ಗದರಿಸಿದರು, ಎಲ್ಲ ನಕ್ಕವು.

ನಾನು ಒಲೆಯ ಹತ್ತಿರ ಹೋಗಿ ಕೂತು ಅತ್ತುಬಿಟ್ಟೆ. ಆ ತಾಯಿ ನನ್ನನ್ನು ಅಳಲು ಬಿಟ್ಟರು. ಮಕ್ಕಳಿಗೆಲ್ಲ ಬಡಿಸಿ ಬಂದು, ನನ್ನ ಮುಂದೆ ಒಂದು ತಟ್ಟೆ ಇಟ್ಟರು. ಮುದ್ದೆ, ಹುರುಳಿಕಾಳಿನ ಸಾರು, ಹಸಿ ಕಡ್ಲೆಬೀಜದ ಚಟ್ನಿ. ಹೊಟ್ಟೆಗೆ ಇಳಿಯುವುದಿಲ್ಲ ಎಂದೆ. ಅವರು ಕೇಳಲಿಲ್ಲ. ನಿನ್ನ ಮಗಳಿಗೆ ಎಷ್ಟು ದೊಡ್ಡ ಮುದ್ದೆ ಇಡಬೇಕು ಎಂದು ನಮ್ಮ ಹುಡುಗಿ ತಿಂಗಳಿಂದ ಫೋನಿನಲ್ಲಿ ತಲೆ ತಿಂದಿದ್ದಾಳೆ, ಮನೆಯಲ್ಲಿ ನಾವೆಲ್ಲ ಅಳತೆ ಮುದ್ದೆ ಉಂಡು ಉಂಡು ಸಣ್ಣಗಾಗಿದ್ದೇವೆ ಎಂದರು. ಅಳುತ್ತಿದ್ದವಳಿಗೆ ನಗು ಬಂತು. ಆ ತಟ್ಟೆಯನ್ನು ನಾನು ಖಾಲಿ ಮಾಡಿದೆ. ಅಷ್ಟು ರುಚಿಯಾಗಿ ಉಂಡು ಎಷ್ಟು ದಿನವಾಗಿತ್ತೋ. ಮನೆಯಲ್ಲಿ ನಾನು ಉಣ್ಣುವುದೇ ಮಗಳ ಶುಗರ್ ಮತ್ತೊಮ್ಮೆ ನೋಡಿದ ಮೇಲೆ, ಅದೂ ನಿಂತುಕೊಂಡು.

ಊಟವಾದ ಮೇಲೆ ಮಿಸ್ಸಿನ ಅಣ್ಣ ನನ್ನನ್ನು ಬೈಕಿನಲ್ಲಿ ಪಾವಗಡಕ್ಕೆ ಬಿಟ್ಟರು. ಮಲಗುವ ಮುನ್ನದ ಇನ್ಸುಲಿನ್ನನ್ನು ಮಿಸ್ಸೇ ಕೊಟ್ಟರು, ಶುಗರ್ ಎಷ್ಟಿದೆ ಎಂದು ಫೋನಿಗೆ ಮೆಸೇಜು ಹಾಕಿದರು. ಚಿಕ್ಕಮ್ಮನ ಮನೆಯಲ್ಲಿ ನಾನು ಮಲಗಿದ್ದು ಮಾತ್ರ ಗೊತ್ತು. ಮಗಳಿಗೆ ಕಾಯಿಲೆ ಬಂದಂದಿನಿಂದ ರಾತ್ರಿ ಮಧ್ಯೆ ಎರಡು ಸಲ ಏಳದೆ ನಾನು ನಿದ್ದೆ ಮಾಡಿರಲಿಲ್ಲ. ಅವತ್ತು ಅವಳ ಪಕ್ಕ ಎದ್ದು ನೋಡಲು ಇನ್ನೊಬ್ಬರಿದ್ದರು.

ಮಾರನೆಯ ಮಧ್ಯಾಹ್ನ ಮಕ್ಕಳು ಮಧುಗಿರಿಗೆ ಬರುವ ಹೊತ್ತಿಗೆ ನಾನೂ ಏನೂ ಗೊತ್ತಿಲ್ಲದವಳಂತೆ ಸ್ಕೂಲಿನ ಗೇಟಿನಲ್ಲಿ ನಿಂತಿದ್ದೆ. ಮಗಳು ಕಪ್ಪಗಾಗಿ, ಗಂಟಲು ಕಟ್ಟಿಸಿಕೊಂಡು ಇಳಿದಳು. ಜೇಬಿನ ತುಂಬ ಸುಟ್ಟ ಕಡ್ಲೆಕಾಯಿ. ಹೊಲದಲ್ಲೇ ಒಣಬಳ್ಳಿ ಹಚ್ಚಿ ಸುಟ್ಟದ್ದಂತೆ. ಸಂಜೆಯವರೆಗೂ ಮಾತು ನಿಲ್ಲಿಸಲಿಲ್ಲ. ಹೆಚ್ಚಿನದನ್ನು ಹೇಳಿದ್ದು ನನಗಲ್ಲ, ನನ್ನ ಅತ್ತೆಗೆ. ಗಿಡ ಹೇಗೆ ಹಿಡಿದು ಎಳೆಯಬೇಕು, ಕಾಯಿ ಹೇಗೆ ಬೇರಿನಲ್ಲಿ ಗೊಂಚಲಾಗಿರುತ್ತದೆ, ತಾನು ಹೇಗೆ ಚುಚ್ಚಿಕೊಂಡೆ. ಅತ್ತೆ ಅವಳ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಸಣ್ಣ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೊರಗೆ ಹೇಳಬೇಡ ಎಂಬ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಸ್ವಲ್ಪ ದಿನದ ಮೇಲೆ ಅಕ್ಕಪಕ್ಕದವರಿಗೆ ಅವರೇ ಹೇಳಿಕೊಂಡು ತಿರುಗಿದರು, ನನ್ನ ಮೊಮ್ಮಗಳು ತಾನೇ ಇಂಜೆಕ್ಷನ್ ಹಾಕಿಕೊಳ್ಳುತ್ತಾಳೆ ಎಂದು.

ಮಕ್ಕಳು ಹಳ್ಳಿಯಿಂದ ಬಂದು ಎರಡು ದಿನ ಕಳೆದ ಮೇಲೆ ನಾನು ಮಗಳ ತಲೆ ಬಾಚುತ್ತಿದ್ದೆ. ಮಗಳು ಕನ್ನಡಿ ನೋಡಿಕೊಂಡೇ ಹೇಳಿದಳು, "ನೀನ್ ಬಂದಿದ್ಯಂತೆ. ಮಿಸ್ ಮನೆ ಅಜ್ಜಿ ಹೇಳ್ತು."

ಬಾಚಣಿಗೆ ನಿಂತಿತು. ಅವಳೇ ಮುಂದುವರಿಸಿದಳು, "ಒಳಕ್ಕೆ ಬರ್ದೆ ಇದ್ದಿದ್ದು ಒಳ್ಳೇದಾಯ್ತು ಕಣಮ್ಮ. ಬಂದಿದ್ರೆ ನಾನ್ ನಿನ್ ಕೈಗೇ ಕೊಟ್ಬುಡ್ತಿದ್ದೆ."

ಜಡೆ ಎರಡು ಕಡೆ ಸಮ ಬಂದಿದೆಯಾ ನೋಡು ಎಂದು ಮಾತು ಬದಲಿಸಿದೆ. ಆ ಸೋಮವಾರದಿಂದ ಮಧ್ಯಾಹ್ನ ಸ್ಕೂಲಿಗೆ ಹೋಗುವುದನ್ನು ನಿಲ್ಲಿಸಿದೆ. ಮೊದಮೊದಲು ಆ ಹೊತ್ತಿಗೆ ಅಂಗಡಿಯಲ್ಲಿ ಕೈಕಾಲು ಆಡುತ್ತಿರಲಿಲ್ಲ. ಮಗಳು ಕ್ಲಾಸಿನಲ್ಲಿಯೇ ಮಿಸ್ಸಿನ ಎದುರು ಇಂಜೆಕ್ಷನ್ ಹಾಕಿಕೊಂಡು, ಗೆಳತಿಯ ಜೊತೆ ಬಿಸಿಯೂಟದ ಸಾಲಿಗೆ ನಿಂತಳು. ಅನ್ನ ಎಷ್ಟು, ಸಾಂಬಾರ್ ಎಷ್ಟು ಎಂಬುದನ್ನು ಬಡಿಸುವವರೂ ಕಲಿತರು.

ಈಗ ಅವಳು ಏಳನೇ ಕ್ಲಾಸು. ಮಿಸ್ಸಿಗೆ ಎರಡು ವರ್ಷದ ಹಿಂದೆ ಶಿರಾ ತಾಲ್ಲೂಕಿಗೆ ವರ್ಗವಾಯಿತು. ಬೀಳ್ಕೊಡುವ ದಿನ ನಾನು ಒಂದು ಸೀರೆ ತೆಗೆದುಕೊಂಡು ಹೋಗಿದ್ದೆ. ಮನೆಯಲ್ಲಿ ಬಹಳ ಮಾತು ಯೋಚಿಸಿಕೊಂಡಿದ್ದೆ. ಎದುರು ನಿಂತಾಗ ಸೀರೆಯನ್ನು ಅವರ ಕೈಗಿಟ್ಟೆ, ಅಷ್ಟೆ. ಅವರು ಸೀರೆ ತೆಗೆದುಕೊಂಡು, ನನಗೆ ಈಗಲೂ ಸೂಜಿ ಕಂಡರೆ ಹೊಟ್ಟೆ ತೊಳೆಸುತ್ತೆ ನೋಡಿ ಎಂದು ನಕ್ಕರು. ಕಲಿತ ಆ ಮೊದಲ ದಿನಗಳನ್ನು ಬಿಟ್ಟರೆ ಅದನ್ನು ತೋರಿಸಿಕೊಂಡೇ ಇರಲಿಲ್ಲ.

ಹೋದ ತಿಂಗಳು ಅವರು ಫೋನ್ ಮಾಡಿದರು. ಅವರ ಈಗಿನ ಸ್ಕೂಲಿನಲ್ಲಿ ಮೂರನೇ ಕ್ಲಾಸಿನ ಒಂದು ಹುಡುಗಿಗೆ ಇದೇ ಕಾಯಿಲೆ ಬಂದಿದೆ, ತಾಯಿ ಬಹಳ ಹೆದರಿದ್ದಾರೆ, ನಿಮ್ಮ ಹತ್ತಿರ ಕಳಿಸಲೇ ಎಂದು ಕೇಳಿದರು. ಒಂದು ಭಾನುವಾರ ಆ ತಾಯಿ ಶಿರಾದಿಂದ ಬಸ್ಸಿನಲ್ಲಿ ಮಗಳನ್ನು ಕರೆದುಕೊಂಡು ಬಂದರು. ಉರ್ದು ಬೆರೆತ ಕನ್ನಡ, ಮೆಲ್ಲಗಿನ ಮಾತು. ಬುರ್ಖಾದ ಒಳಗಿನಿಂದ ಔಷಧಿಯ ಚೀಲ ತೆಗೆದು, ಯಾರಾದರೂ ನೋಡಿಯಾರು ಎಂಬಂತೆ ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಮಗಳು ಆ ಚಿಕ್ಕ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದಳು. ಒಳಗೆ ಏನು ನಡೆಯಿತೋ, ಸ್ವಲ್ಪ ಹೊತ್ತಿಗೆ ಇಬ್ಬರೂ ನಗುವುದು ಕೇಳಿಸಿತು. ಆ ತಾಯಿ ಎದ್ದು ನೋಡಲು ಹೋದರು. ನಾನು ಅವರ ಕೈ ಹಿಡಿದು ಕೂರಿಸಿದೆ.

"ಇರ್ಲಿ ಬುಡಿ," ಎಂದೆ. "ಟೀ ಕುಡೀರಿ ಮೊದ್ಲು."

ಅವರು ಲೋಟ ತೆಗೆದುಕೊಂಡರು. ಕಣ್ಣು ಒಳಬಾಗಿಲ ಕಡೆಯೇ ಇತ್ತು. ಆದರೂ ಕೂತರು.